ಅಗರಖೇಡದ ಶ್ರೀರಂಗರು ಮತ್ತು ಮಾತಿನ ಧಾಟಿ

ವಿಜಯಪುರ ಜಿಲ್ಲೆ ಎಂದ ಕೂಡಲೇ ಹೊರಗಿನವರಿಗೆ ಗೋಳಗುಮ್ಮಟ ನೆನಪಾಗುತ್ತದೆ. ಶಾಲೆಯ ಮಕ್ಕಳನ್ನು ಅಲ್ಲಿಗೆ ಪ್ರವಾಸಕ್ಕೆ ಕರೆದುಕೊಂಡು ಹೋದಾಗಲೆಲ್ಲ ಅವರು ಮೇಲಿನ ಗ್ಯಾಲರಿ ತಲುಪಿ ಮಾಡುವ ಮೊದಲ ಕೆಲಸವೆಂದರೆ ಜೋರಾಗಿ ಕೂಗುವುದು. ಗುಮ್ಮಟ ಆ ಕೂಗನ್ನು ಹಲವು ಸಲ ಹಿಂದಿರುಗಿಸುತ್ತದೆ, ಮಕ್ಕಳು ನಗುತ್ತಾರೆ. ಆದರೆ ಗೋಡೆಯ ಹತ್ತಿರ ಬಾಯಿ ತಂದು ಮೆಲ್ಲಗೆ ಆಡಿದ ಮಾತೂ ಎದುರು ಬದಿಯವರಿಗೆ ಸ್ಪಷ್ಟವಾಗಿ ಕೇಳುತ್ತದೆ ಎಂಬುದನ್ನು ಮಾತ್ರ ಶಿಕ್ಷಕರೇ ತೋರಿಸಿಕೊಡಬೇಕಾಗುತ್ತದೆ. ಕೂಗಿನಷ್ಟೇ ಪಿಸುಮಾತೂ ದೂರ ಮುಟ್ಟಬಲ್ಲದು ಎಂದು ಕನ್ನಡ ರಂಗಭೂಮಿಗೆ ತೋರಿಸಿಕೊಟ್ಟವರಲ್ಲಿ ಪ್ರಮುಖರಾದ ಒಬ್ಬರು ಇದೇ ಜಿಲ್ಲೆಯವರು. ಅವರೇ ಶ್ರೀರಂಗ ಎಂಬ ಕಾವ್ಯನಾಮದಿಂದ ಪ್ರಸಿದ್ಧರಾದ ಆದ್ಯ ರಂಗಾಚಾರ್ಯರು. ನಮ್ಮ ಮಕ್ಕಳಲ್ಲಿ ಅನೇಕರಿಗೆ ಈ ಹೆಸರು ಸ್ಪರ್ಧಾತ್ಮಕ ಪರೀಕ್ಷೆಯ ಒಂದು ಅಂಕದ ಪ್ರಶ್ನೆಯಾಗಿ ಮಾತ್ರ ಗೊತ್ತು. ಆದ್ದರಿಂದ ಈ ಲೇಖನ.

ನಮ್ಮ ಹೂವಿನ ಹಿಪ್ಪರಗಿಯಿಂದ ಉತ್ತರಕ್ಕೆ ಹೊರಟು, ಇಂಡಿ ಪಟ್ಟಣ ದಾಟಿ ಭೀಮಾ ನದಿಯ ಕಡೆಗೆ ಹೋದರೆ ಅಗರಖೇಡ ಎಂಬ ಊರು ಸಿಗುತ್ತದೆ. ಅಲ್ಲಿ 1904ರ ಸೆಪ್ಟೆಂಬರ್ 26ರಂದು ರಂಗಾಚಾರ್ಯರು ಜನಿಸಿದರು. ಆಗ ಈ ಭಾಗವೆಲ್ಲ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅವರದು ಬ್ರಾಹ್ಮಣ ಮನೆತನ, ಅಡ್ಡಹೆಸರು ಜಾಗೀರದಾರ. ಉರ್ದು ಕಲಿಸುವ ನನಗೆ ಈ ಅಡ್ಡಹೆಸರು ಕಂಡಾಗ ಒಂದು ಕ್ಷಣ ನಿಲ್ಲಬೇಕೆನಿಸುತ್ತದೆ. ಜಾಗೀರ್ ಎಂಬುದು ಪಾರಸಿ, ದಾರ್ ಎಂಬುದೂ ಪಾರಸಿ. ಆಚಾರ್ಯ ಎಂಬ ಸಂಸ್ಕೃತ ಪದ ಮತ್ತು ಜಾಗೀರದಾರ ಎಂಬ ಪಾರಸಿ ಪದ ಒಂದೇ ಹೆಸರಿನಲ್ಲಿ ಅಕ್ಕಪಕ್ಕ ಕುಳಿತಿರುವುದು ನಮ್ಮ ಜಿಲ್ಲೆಯಲ್ಲಿ ಯಾರಿಗೂ ವಿಚಿತ್ರವೆನಿಸುವುದಿಲ್ಲ. ಅವರ ಆರಂಭದ ಇಂಗ್ಲಿಷ್ ಪುಸ್ತಕಗಳ ಮೇಲೆ ಆರ್. ವಿ. ಜಾಗೀರದಾರ ಎಂದೇ ಇದೆ. ಮುಂದೆ ಆ ಹೆಸರು ಬಿಟ್ಟು ಆದ್ಯ ರಂಗಾಚಾರ್ಯರಾದರು.

ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿದ ರಂಗಾಚಾರ್ಯರು 1925ರಲ್ಲಿ ಲಂಡನ್ನಿಗೆ ತೆರಳಿ ಅಲ್ಲಿನ ಪೌರ್ವಾತ್ಯ ಅಧ್ಯಯನ ಶಾಲೆಯನ್ನು ಸೇರಿದರು. ಸಂಸ್ಕೃತ ಓದಲು ಭೀಮಾ ತೀರದ ಹುಡುಗ ಲಂಡನ್ನಿಗೆ ಹೋದದ್ದು ಇಂದು ನಗು ತರಿಸಬಹುದು. ಆದರೆ ಅಲ್ಲಿ ಅವರು ಸಂಸ್ಕೃತದ ಜೊತೆಗೆ ಇನ್ನೊಂದನ್ನೂ ಕಲಿತರು. ಇಬ್ಸೆನ್ ಮತ್ತು ಬರ್ನಾರ್ಡ್ ಶಾ ಯುರೋಪಿನ ನಾಟಕವನ್ನು ಅರಮನೆ ಮತ್ತು ರಣರಂಗದಿಂದ ಎತ್ತಿ ಸಾಮಾನ್ಯ ಮನೆಯ ನಡುಮನೆಯಲ್ಲಿ ತಂದು ಕೂರಿಸಿದ್ದ ಕಾಲವದು. ನಡುಮನೆಯಲ್ಲಿ ಯಾರೂ ಕೂಗಿ ಪದ್ಯ ಹೇಳುವುದಿಲ್ಲ. ಗಂಡ ಹೆಂಡತಿ ಮಾತಾಡುವಾಗ ಬಾಯಿ ಒಂದು ಹೇಳುತ್ತದೆ, ಧಾಟಿ ಬೇರೊಂದು ಹೇಳುತ್ತದೆ. ಈ ಎರಡರ ನಡುವಿನ ಅಂತರವೇ ಹೊಸ ನಾಟಕದ ಬಂಡವಾಳವಾಗಿತ್ತು.

1928ರಲ್ಲಿ ಸ್ವದೇಶಕ್ಕೆ ಮರಳಿ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಅಧ್ಯಾಪಕರಾದರು. ಅಧ್ಯಾಪಕರಾಗಿದ್ದಾಗ ಎರಡು ಮುಖ್ಯ ಪುಸ್ತಕಗಳನ್ನು ಇಂಗ್ಲಿಷಿನಲ್ಲಿ ಬರೆದರು. ಒಂದು, 1932ರಲ್ಲಿ ಬಂದ ಇಂಡೋ-ಆರ್ಯನ್ ಭಾಷೆಗಳ ತೌಲನಿಕ ಅಧ್ಯಯನದ ಕುರಿತ ಪರಿಚಯ ಗ್ರಂಥ. ಇನ್ನೊಂದು ಸಂಸ್ಕೃತ ನಾಟಕಗಳನ್ನು ಕುರಿತದ್ದು. ನಾಟಕಕಾರನ ಜೀವನಚರಿತ್ರೆಯಲ್ಲಿ ಈ ಪಂಡಿತ ಪುಸ್ತಕಗಳ ಮಾತೇಕೆ ಎಂದು ಓದುಗರು ಕೇಳಬಹುದು. ಕಾರಣವಿದೆ. ಸಂಸ್ಕೃತ ನಾಟಕ ಓದಿದವರಿಗೆ ಗೊತ್ತು, ಅಲ್ಲಿ ಎಲ್ಲರೂ ಒಂದೇ ಭಾಷೆ ಆಡುವುದಿಲ್ಲ. ರಾಜ, ಮಂತ್ರಿ ಸಂಸ್ಕೃತ ಆಡಿದರೆ ಹೆಂಗಸರು, ಸೇವಕರು, ವಿದೂಷಕ ಪ್ರಾಕೃತ ಆಡುತ್ತಾರೆ. ಪಾತ್ರ ಬಾಯಿ ತೆರೆದ ಕೂಡಲೇ ಅದರ ಸ್ಥಾನ ತಿಳಿಯುತ್ತದೆ. ಶೂದ್ರಕನ ಮೃಚ್ಛಕಟಿಕದಲ್ಲಿ ಶಕಾರ ಎಂಬ ಪಾತ್ರವಿದೆ. ಅವನು ಸಕಾರವನ್ನೆಲ್ಲ ಶಕಾರ ಮಾಡಿ ಮಾತಾಡುತ್ತಾನೆ, ಅದರಿಂದಲೇ ಆ ಹೆಸರು. ಪುರಾಣದ ಕಥೆಗಳನ್ನೂ ಅದಲು ಬದಲು ಮಾಡಿ ಹೇಳುತ್ತಾನೆ. ಪ್ರೇಕ್ಷಕರು ನಗುತ್ತಾರೆ. ಆದರೆ ಈ ಶಕಾರ ಬಡವನಲ್ಲ, ರಾಜನ ಭಾವಮೈದುನ, ಊರಿಗೆ ಪೀಡೆಯಾದವನು. ಯಾರ ನಾಲಿಗೆಯನ್ನು ನೋಡಿ ನಗಬಹುದು, ಯಾರದನ್ನು ನೋಡಿ ನಗಬಾರದು ಎಂಬ ಪ್ರಶ್ನೆ ಅಷ್ಟು ಹಳೆಯದು. ಇದಕ್ಕೆ ಆಮೇಲೆ ಬರುತ್ತೇನೆ.

ಶ್ರೀರಂಗರು ಬರೆಯಲು ಕುಳಿತಾಗ ನಮ್ಮ ಭಾಗದ ರಂಗಭೂಮಿ ಎಂದರೆ ಕಂಪನಿ ನಾಟಕ. ಗರುಡ ಸದಾಶಿವರಾಯರಂಥ ಮಹಾನಟರ ಕಂಪನಿಗಳು ಊರೂರು ತಿರುಗುತ್ತಿದ್ದವು. ಈ ನಾಟಕಗಳ ಮೇಲೆ ಪಾರ್ಸಿ ಕಂಪನಿಗಳ ಪ್ರಭಾವ ಬಹಳವಿತ್ತು. ಉರ್ದು ನಾಟಕಕಾರ ಆಗಾ ಹಶ್ರ್ ಕಾಶ್ಮೀರಿಯವರು ಅಂಥ ಕಂಪನಿಗಳಿಗಾಗಿ ಬರೆದ ನಾಟಕಗಳನ್ನು ಓದಿದವರಿಗೆ ಆ ಶೈಲಿ ಗೊತ್ತಿದೆ. ಪ್ರಾಸ ತುಂಬಿದ ಗದ್ಯ, ನಡುನಡುವೆ ಶೇರ್, ಪ್ರತಿ ಮಾತೂ ಚಪ್ಪಾಳೆಗೆ ಕಾಯುವಂತೆ ಕಟ್ಟಿದ್ದು. ನಮ್ಮ ಹುನಗುಂದ ಸೀಮೆಯ ಕಂದಗಲ್ ಹನುಮಂತರಾಯರ ರಕ್ತರಾತ್ರಿ ಇಂದಿಗೂ ಜಾತ್ರೆಗಳಲ್ಲಿ ನಡೆಯುತ್ತದೆ. ಅದರ ಸಂಭಾಷಣೆಯನ್ನು ಬಾಯಿಪಾಠ ಹೇಳುವ ರೈತರು ನಮ್ಮ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಇದ್ದಾರೆ. ವಿಜಯಪುರದ ರಂಗಮಂದಿರಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ. ಇದನ್ನು ಕೀಳೆಂದು ನಾನು ಹೇಳುವುದಿಲ್ಲ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಸಾವಿರ ಜನರ ಹಿಂದಿನ ಸಾಲಿಗೆ ಮಾತು ಮುಟ್ಟಬೇಕಾದರೆ ಕಂಠ ಎತ್ತಲೇಬೇಕು. ಆದರೆ ಅಲ್ಲಿ ಧಾಟಿಯ ಬಹುಭಾಗ ನಟನ ಕಂಠಕ್ಕೆ ಸೇರಿದ್ದು. ಅದೇ ಮಾತನ್ನು ಸಾಧಾರಣ ನಟ ಹೇಳಿದರೆ ಸಪ್ಪೆಯಾಗುತ್ತಿತ್ತು.

ಇದಕ್ಕೆ ಬೇರೆ ದಾರಿಯನ್ನು ದಕ್ಷಿಣದಲ್ಲಿ ಟಿ. ಪಿ. ಕೈಲಾಸಂ ಆಗಲೇ ತೆರೆದಿದ್ದರು. ಅವರ ಟೊಳ್ಳುಗಟ್ಟಿ 1918ರಷ್ಟು ಹಿಂದಿನದು. ಇಂಗ್ಲಿಷ್ ಬೆರೆತ ಬೆಂಗಳೂರು ಮೈಸೂರಿನ ಮನೆಮಾತನ್ನು ಅವರು ರಂಗಕ್ಕೆ ತಂದರು. ಉತ್ತರದಲ್ಲಿ ಆ ಕೆಲಸ ಶ್ರೀರಂಗರದಾಯಿತು. ಧಾರವಾಡದ ಹವ್ಯಾಸಿ ಗೆಳೆಯರನ್ನು ಕಟ್ಟಿಕೊಂಡು, ಸಣ್ಣ ಸಭಾಂಗಣ, ಸರಳ ರಂಗಸಜ್ಜಿಕೆ, ಹಾಡಿನ ಬದಲು ಗದ್ಯ, ಹೀಗೆ ಅವರ ನಾಟಕ ಶುರುವಾಯಿತು. ಜೀವಮಾನದಲ್ಲಿ 40ಕ್ಕೂ ಹೆಚ್ಚು ದೊಡ್ಡ ನಾಟಕ, 60ಕ್ಕೂ ಹೆಚ್ಚು ಏಕಾಂಕ ಬರೆದರು. ಕಾದಂಬರಿ, ಪ್ರಬಂಧ, ಗೀತೆಯ ಮೇಲಿನ ವಿಚಾರ ಬೇರೆ.

ಧಾಟಿಯನ್ನು ಮಾತಿನೊಳಗೇ ಇಡುವುದು ಎಂದರೇನು? ಅವರ ನಾಟಕಗಳ ಹೆಸರಿನಿಂದಲೇ ತಿಳಿಯಬಹುದು. ಅವರ ಮೊದಲ ನಾಟಕಗಳಲ್ಲಿ ಒಂದರ ಹೆಸರು ಉದರ ವೈರಾಗ್ಯ. ವೈರಾಗ್ಯ ದೊಡ್ಡ ಪದ, ಕೇಳಿದ ಕೂಡಲೇ ಕೈ ಮುಗಿಯಬೇಕೆನಿಸುತ್ತದೆ. ಅದರ ಹಿಂದೆ ಹೊಟ್ಟೆಯನ್ನು ತಂದು ಇಟ್ಟ ಕೂಡಲೇ ಕೈ ಅರ್ಧಕ್ಕೆ ನಿಲ್ಲುತ್ತದೆ. ಯಾವ ನಟನೂ ಇಲ್ಲದೆ, ಯಾವ ಕಂಠವೂ ಇಲ್ಲದೆ, ಎರಡು ಪದ ಪಕ್ಕಪಕ್ಕ ಕೂತು ವ್ಯಂಗ್ಯ ಹುಟ್ಟಿಸಿದವು. ಸ್ವಾತಂತ್ರ್ಯಾನಂತರದ ರಾಜಕೀಯದಿಂದ ನೊಂದು ಬರೆದ ನಾಟಕಕ್ಕೆ ಶೋಕಚಕ್ರ ಎಂದು ಹೆಸರಿಟ್ಟರು. ರಾಷ್ಟ್ರಧ್ವಜದ ಅಶೋಕಚಕ್ರದಿಂದ ಒಂದೇ ಒಂದು ಅಕ್ಷರ ಕಳಚಿದರು, ಅಷ್ಟೇ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಇಷ್ಟವಾದದ್ದು ಹರಿಜನ್ವಾರ ಎಂಬ ಹೆಸರು. ಗಾಂಧೀಜಿಯವರು ಅಸ್ಪೃಶ್ಯತೆಯ ವಿರುದ್ಧ ದೇಶ ಸುತ್ತುತ್ತಿದ್ದ 1930ರ ದಶಕದ ನಾಟಕ ಇದು. ಸುಮ್ಮನೆ ಓದಿದರೆ ಹರಿಜನ ಎಂಬ ಪದ ಕಾಣುತ್ತದೆ, ಏನೋ ಸಮಾಜ ಸುಧಾರಣೆಯ ನಾಟಕವಿರಬೇಕು ಎನಿಸುತ್ತದೆ. ಈಗ ನಮ್ಮ ಕಡೆಯ ಬಾಯಿಯಲ್ಲಿ ಹೇಳಿ ನೋಡಿ. ನಮ್ಮಲ್ಲಿ ಜನಿವಾರಕ್ಕೆ ಜನ್ವಾರ ಎನ್ನುತ್ತಾರೆ. ಹರಿ ಎಂದು ಹೇಳಿ ಸ್ವಲ್ಪ ನಿಂತು ಮುಂದಿನದನ್ನು ಹೇಳಿದರೆ ಅದು ಜನಿವಾರವನ್ನು ಹರಿದು ಹಾಕು ಎಂಬ ಆಜ್ಞೆಯಾಗುತ್ತದೆ! ಬರಹದಲ್ಲಿ ಒಂದೇ ಪದ. ಅದನ್ನು ಎರಡು ಮಾಡುವುದು ಉಸಿರು ನಿಲ್ಲುವ ಜಾಗ ಮಾತ್ರ. ಬೆಂಗಳೂರಿನ ಉಚ್ಚಾರದಲ್ಲಿ ಈ ಶ್ಲೇಷೆ ಅಷ್ಟು ಸುಲಭವಾಗಿ ಸಿಗಲಾರದು. ನಮ್ಮ ಭಾಗದ ಮಾತನ್ನು ಒರಟು ಎಂದು ನಗುವವರಿಗೆ ನಾನು ಈ ಉದಾಹರಣೆ ಕೊಡುವುದುಂಟು.

ಶ್ರೀರಂಗರ ಸಂಭಾಷಣೆಯನ್ನು ಓದುವ ವಿದ್ಯಾರ್ಥಿ ಮಿತ್ರರು ಕೆಲವು ಸಂಗತಿಗಳನ್ನು ಗಮನಿಸಬೇಕು. ಹೊಸದಾಗಿ ನಾಟಕ ಬರೆಯುವವರು ಮಾತಿನ ಹಿಂದೆ ಕಂಸ ಹಾಕಿ ಕೋಪದಿಂದ, ವ್ಯಂಗ್ಯವಾಗಿ, ದುಃಖದಿಂದ ಎಂದು ಬರೆಯುತ್ತಾರೆ. ನಮ್ಮ ಶಾಲಾ ವಾರ್ಷಿಕೋತ್ಸವದ ನಾಟಕಗಳಲ್ಲಿ ಇಂಥ ಕಂಸಗಳೇ ಅರ್ಧ ಪುಟ ತುಂಬಿರುತ್ತವೆ. ಮಕ್ಕಳು ಕೆಲವೊಮ್ಮೆ ಆ ಕಂಸವನ್ನೂ ಓದಿಬಿಡುತ್ತಾರೆ. ಕಂಸ ತೆಗೆದರೆ ಕೋಪ ಉಳಿಯದಿದ್ದರೆ ಆ ಮಾತಿನಲ್ಲಿ ಕೋಪ ಇರಲೇ ಇಲ್ಲ ಎಂದರ್ಥ. ಒಳ್ಳೆಯ ನಾಟಕಕಾರ ಪದದ ಆಯ್ಕೆಯಲ್ಲಿ, ವಾಕ್ಯದ ಉದ್ದದಲ್ಲಿ, ಯಾರು ಯಾರಿಗೆ ಉತ್ತರ ಕೊಡದೆ ಬಿಡುತ್ತಾರೆ ಎಂಬುದರಲ್ಲಿ ಕೋಪವನ್ನು ಅಡಗಿಸುತ್ತಾನೆ.

ಮರ್ಯಾದೆಯ ಪದಗಳನ್ನೇ ನೋಡಿ. ನಮ್ಮ ಮನೆಗಳಲ್ಲಿ ತಾಯಿ ಮಗನನ್ನು ಬಾ ಎಂದು ಕರೆದರೆ ಪ್ರೀತಿ. ರಾತ್ರಿ ಹತ್ತು ಗಂಟೆಗೆ ಬಂದ ಮಗನನ್ನು ಅದೇ ತಾಯಿ ಬರ್ರಿ ಸಾಹೇಬ್ರ ಎಂದು ಬಹುವಚನದಲ್ಲಿ ಕರೆದರೆ ಮಗ ಹೊರಗೇ ನಿಲ್ಲುತ್ತಾನೆ. ಉರ್ದುವಿನಲ್ಲೂ ಹಾಗೆಯೇ. ಅತಿಥಿಗೆ ತಶ್ರೀಫ್ ಎಂದರೆ ಗೌರವ, ಮನೆಯ ಹುಡುಗನಿಗೆ ಹೇಳಿದರೆ ಕಪಾಳಕ್ಕೆ ಹೊಡೆದಂತೆ. ಉರ್ದುವಿನಲ್ಲಿ ಇದಕ್ಕೆ ಲಹಜಾ ಎನ್ನುತ್ತೇವೆ, ಕನ್ನಡದಲ್ಲಿ ಧಾಟಿ. ಇಲ್ಲಿ ಧಾಟಿ ಇರುವುದು ಪದದಲ್ಲೂ ಅಲ್ಲ, ಕಂಠದಲ್ಲೂ ಅಲ್ಲ, ಪದಕ್ಕೂ ಸಂಬಂಧಕ್ಕೂ ಇರುವ ಅಸಂಗತದಲ್ಲಿ. ಸಣ್ಣ ಮನುಷ್ಯನ ಬಾಯಿಗೆ ದೊಡ್ಡ ಸಂಸ್ಕೃತ ಪದ ಕೊಡುವುದು, ಧರ್ಮದ ಮಾತು ಆಡುತ್ತಿರುವವನ ಕೈ ದುಡ್ಡು ಎಣಿಸುತ್ತಿರುವುದು, ಗಂಭೀರವಾಗಿ ಎತ್ತಿದ ವಾಕ್ಯವನ್ನು ಅಡುಗೆಮನೆಯ ಪದದಲ್ಲಿ ಮುಗಿಸುವುದು, ಇದು ಶ್ರೀರಂಗರಂಥ ವಿಡಂಬನಕಾರರ ಹಾದಿ. ನಟ ಇದನ್ನು ಹುಬ್ಬು ಹಾರಿಸಿ ಹೇಳಬೇಕಾಗಿಲ್ಲ. ಎಷ್ಟು ನೇರವಾಗಿ ಹೇಳುತ್ತಾನೋ ಅಷ್ಟು ಚುಚ್ಚುತ್ತದೆ.

ಇನ್ನೊಂದು ಮಾತು ಬಹಳ ಮುಖ್ಯ. ಶ್ರೀರಂಗರು ನಕ್ಕದ್ದು ಮೊದಲು ತಮ್ಮ ಮನೆಯವರನ್ನು ನೋಡಿ. ತಾವು ಹುಟ್ಟಿದ ಸಮಾಜದ ಮಡಿ, ಅದರ ಸೋಗು, ಅದರ ಪಂಡಿತರು, ಕಾಲೇಜು ಓದಿದ ಅದರ ಸುಧಾರಕರು, ಯಾರನ್ನೂ ಬಿಡಲಿಲ್ಲ. ಅವರನ್ನು ನಗೆಗೀಡು ಮಾಡುವಾಗಲೂ ಅವರ ಉಚ್ಚಾರದ ದೋಷವನ್ನು ಹಿಡಿದುಕೊಂಡು ನಿಲ್ಲಲಿಲ್ಲ, ಅವರ ಮಾತಿಗೂ ನಡತೆಗೂ ಇದ್ದ ದೂರವನ್ನು ಹಿಡಿದರು. ಇದನ್ನು ಏಕೆ ಒತ್ತಿ ಹೇಳುತ್ತಿದ್ದೇನೆ ಎಂದರೆ, ನಮ್ಮ ಹಳ್ಳಿ ನಾಟಕಗಳಲ್ಲಿ ಸಾಬರ ಪಾತ್ರ ಎಂಬ ಒಂದು ಪಾತ್ರವಿರುತ್ತದೆ. ಅವನಿಗೆ ಕಥೆಯಲ್ಲಿ ವಿಶೇಷ ಕೆಲಸವಿರುವುದಿಲ್ಲ. ಬರುತ್ತಾನೆ, ತಪ್ಪು ಕನ್ನಡ ಆಡುತ್ತಾನೆ, ಸ್ತ್ರೀಲಿಂಗ ಪುಲ್ಲಿಂಗ ಕಲೆಸುತ್ತಾನೆ, ಜನ ನಗುತ್ತಾರೆ, ಹೋಗುತ್ತಾನೆ.

ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ಸ್ನೇಹ ಸಮ್ಮೇಳನಕ್ಕೆ ಅತಿಥಿಯಾಗಿ ಹೋಗಿದ್ದೆ. ಅಲ್ಲಿ ನಾಟಕದ ಇಂಥ ಪಾತ್ರವನ್ನು ಒಬ್ಬ ಮುಸ್ಲಿಂ ಹುಡುಗನಿಗೇ ಕೊಟ್ಟಿದ್ದರು. ಆ ಹುಡುಗ ನಮ್ಮ ನೆರೆಯವನು. ಕನ್ನಡದಲ್ಲಿ ತರಗತಿಗೆ ಮೊದಲಿಗ. ಅವನು ಶುದ್ಧವಾಗಿ ಮಾತು ಹೇಳಿದಾಗ ತಾಲೀಮಿನಲ್ಲಿ ಅವನಿಗೆ ತಪ್ಪು ಹೇಳಲು ಕಲಿಸಿದರಂತೆ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ, ಎಲ್ಲ ಒಳ್ಳೆಯ ಜನ. ಸಭೆ ಬಿದ್ದು ಬಿದ್ದು ನಕ್ಕಿತು, ನಾನೂ ಅರ್ಧ ನಕ್ಕೆ. ಪರದೆಯ ಹಿಂದೆ ಹೋಗಿ ಬೆನ್ನು ತಟ್ಟಿದಾಗ ಹುಡುಗ ಏನೂ ಹೇಳಲಿಲ್ಲ. ಅವನ ತಂದೆ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಅವರು ದಿನವಿಡೀ ಸಂತೆಯಲ್ಲಿ ಕನ್ನಡದಲ್ಲೇ ವ್ಯಾಪಾರ ಮಾಡುವವರು. ಮನೆಗೆ ಬಂದು ನಾನು ಶಕಾರನ ಬಗ್ಗೆ ಯೋಚಿಸಿದೆ. ಶೂದ್ರಕ ರಾಜನ ಭಾವಮೈದುನನ ನಾಲಿಗೆಯನ್ನು ನಗೆಗೆ ಒಡ್ಡಿದ. ನಾವು ಸಂತೆಯಲ್ಲಿ ಬಳೆ ಮಾರುವವನ ನಾಲಿಗೆಯನ್ನು ಒಡ್ಡುತ್ತಿದ್ದೇವೆ.

ಉಚ್ಚಾರ ಬೇರೆ, ಧಾಟಿ ಬೇರೆ. ಉಚ್ಚಾರ ಮನುಷ್ಯ ಎಲ್ಲಿ ಹುಟ್ಟಿದ ಎಂಬುದನ್ನು ಹೇಳುತ್ತದೆ, ಧಾಟಿ ಅವನು ಈ ಕ್ಷಣ ಏನು ಬಯಸುತ್ತಿದ್ದಾನೆ ಎಂಬುದನ್ನು ಹೇಳುತ್ತದೆ. ಸೋಮಾರಿ ನಾಟಕಕಾರನಿಗೆ ಮೊದಲನೆಯದು ಸಾಕು. ಸಾಬ, ಗೌಡ, ಆಚಾರಿ ಎಂದು ಹಣೆಪಟ್ಟಿ ಹಚ್ಚಿ ಕಳಿಸುತ್ತಾನೆ. ಎರಡನೆಯದನ್ನು ಬರೆಯಬೇಕಾದರೆ ಆ ಮನುಷ್ಯನ ಪಕ್ಕದಲ್ಲಿ ಕುಳಿತು ಕೇಳಿರಬೇಕು.

ಶ್ರೀರಂಗರ ನಾಟಕಗಳೆಲ್ಲ ಈ ಪರೀಕ್ಷೆಯಲ್ಲಿ ಗೆದ್ದಿವೆ ಎಂದು ನಾನು ಹೇಳಲಾರೆ. ಅವರ ಪಾತ್ರಗಳು ಕೆಲವೊಮ್ಮೆ ಅತಿಯಾಗಿ ಮಾತಾಡುತ್ತವೆ. ಒಂದು ಜಾಣ ಮಾತಿಗೆ ಇನ್ನೊಂದು ಜಾಣ ಮಾತು, ಅದಕ್ಕೆ ಮತ್ತೊಂದು, ಹೀಗೆ ಹೋಗಿ ಗಂಡ, ಹೆಂಡತಿ, ಆಳು ಎಲ್ಲರೂ ಸಂಸ್ಕೃತ ಅಧ್ಯಾಪಕರ ಹಾಗೆಯೇ ವಾದ ಮಾಡುತ್ತಿದ್ದಾರೆ ಎನಿಸುವುದುಂಟು. ನಾಟಕ ಚರ್ಚೆಯಾಯಿತು ಎಂದು ಅವರ ಕಾಲದಲ್ಲೇ ಕೆಲವರು ಆಕ್ಷೇಪಿಸಿದ್ದರು. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಅವರ ಏಕಾಂಕಗಳು ನನಗೆ ದೊಡ್ಡ ನಾಟಕಗಳಿಗಿಂತ ಹೆಚ್ಚು ಹಿಡಿಸುತ್ತವೆ. ಅಲ್ಲಿ ಸ್ಥಳ ಕಡಿಮೆ, ಆದ್ದರಿಂದ ಮಾತೂ ಹದದಲ್ಲಿದೆ.

ಎರಡು ದಶಕ ದುಡಿದ ಅಧ್ಯಾಪಕ ವೃತ್ತಿಯನ್ನು 1948ರ ಹೊತ್ತಿಗೆ ಬಿಟ್ಟು ಅವರು ಬರವಣಿಗೆ ಮತ್ತು ರಂಗಭೂಮಿಗೆ ತಮ್ಮನ್ನು ಒಪ್ಪಿಸಿಕೊಂಡರು. ಪಿಂಚಣಿಯ ಲೆಕ್ಕ ಹಾಕುವ ನಮ್ಮಂಥವರಿಗೆ ಇದರ ಧೈರ್ಯ ಅರ್ಥವಾದೀತು. 1956ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಹವ್ಯಾಸಿ ಕಲಾವಿದರಿಗೆ ನಾಟಕ ತರಬೇತಿ ಶಿಬಿರಗಳನ್ನು ನಡೆಸಿದರು. ಮನೆಯೊಳಗಿನ ವಾಸ್ತವ ನಾಟಕ ಬರೆದು ಹೆಸರು ಮಾಡಿದವರು ಐವತ್ತು ದಾಟಿದ ಮೇಲೆ ಆ ಶೈಲಿಯನ್ನೇ ಮುರಿದರು. ಕತ್ತಲೆ ಬೆಳಕು ಮತ್ತು 1960ರ ಕೇಳು ಜನಮೇಜಯ ಆ ಕಾಲದವು. ಎರಡನೆಯದು ಹಿಂದಿಯಲ್ಲಿ ಸುನೋ ಜನಮೇಜಯ ಎಂಬ ಹೆಸರಿನಿಂದ ಬಂದು ಕರ್ನಾಟಕದ ಹೊರಗೂ ಪರಿಚಿತವಾಯಿತು.

ಈ ಹೆಸರಿನ ಧಾಟಿಯನ್ನೂ ಸ್ವಲ್ಪ ನೋಡೋಣ. ವೈಶಂಪಾಯನ ಮುನಿ ಜನಮೇಜಯ ರಾಜನಿಗೆ ಮಹಾಭಾರತ ಹೇಳಿದ ಎಂಬುದು ಪ್ರತೀತಿ. ಕುಮಾರವ್ಯಾಸ ಭಾರತದ ಸಂಧಿಗಳಲ್ಲಿ ಕಥೆ ಈ ಕರೆಯಿಂದಲೇ ಆರಂಭವಾಗುತ್ತದೆ. ಗಮಕಿಗಳು ಅದನ್ನು ರಾಗವಾಗಿ ಎಳೆದು ಹಾಡುವಾಗ ಭಕ್ತಿಯಿಂದ ತಲೆದೂಗುತ್ತೇವೆ. ಅದೇ ಎರಡು ಪದವನ್ನು ಸ್ವಾತಂತ್ರ್ಯ ಬಂದು ಹದಿಮೂರು ವರ್ಷಗಳಾದ ಮೇಲೆ ಒಂದು ನಾಟಕದ ಹೆಸರಾಗಿ ಗೋಡೆಗೆ ಹಚ್ಚಿದರೆ? ಕೇಳುವ ರಾಜ ಈಗ ಯಾರು? ಓಟು ಹಾಕಿದ ನಾವೇ. ಹಾಡಿನ ಕರೆ ಎಚ್ಚರಿಕೆಯ ಕರೆಯಾಗುತ್ತದೆ. ಅಕ್ಷರ ಒಂದೂ ಬದಲಾಗಿಲ್ಲ, ಹೇಳುವ ಸಂದರ್ಭ ಬದಲಾಗಿದೆ. ಹರಿದಾಸರ ಹಾಡುಗಳ ಮೊದಲ ಸಾಲುಗಳನ್ನೂ ಅವರು ಹೀಗೆಯೇ ತಮ್ಮ ಕೆಲವು ನಾಟಕಗಳಿಗೆ ಹೆಸರಾಗಿ ಇಟ್ಟುಕೊಂಡರು.

ಪ್ರಶಸ್ತಿಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1967ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ. 1971ರಲ್ಲಿ ಕಾಳಿದಾಸ ಎಂಬ ವಿಮರ್ಶಾ ಗ್ರಂಥಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಇಷ್ಟೊಂದು ನಾಟಕ ಬರೆದವರಿಗೆ ಈ ಪ್ರಶಸ್ತಿ ವಿಮರ್ಶೆಗೆ ಬಂದದ್ದು ವಿಶೇಷ. 1972ರಲ್ಲಿ ಪದ್ಮಭೂಷಣ. ಇಂಗ್ಲಿಷಿನ ಪ್ರಸಿದ್ಧ ಕಾದಂಬರಿಗಾರ್ತಿ ಶಶಿ ದೇಶಪಾಂಡೆ ಇವರ ಮಗಳು. 1984ರ ಅಕ್ಟೋಬರ್ 17ರಂದು ಶ್ರೀರಂಗರು ನಿಧನರಾದರು. ಆಗ ಅವರ ವಯಸ್ಸು 80.

ಭರತಮುನಿಯ ನಾಟ್ಯಶಾಸ್ತ್ರವನ್ನು ಅವರು ಇಂಗ್ಲಿಷಿಗೆ ಅನುವಾದಿಸಿದ್ದರು. ಅದು ಅವರ ನಿಧನದ ನಂತರ 1986ರಲ್ಲಿ ಪ್ರಕಟವಾಯಿತು. ನಾಟಕದಲ್ಲಿ ಧಾಟಿಯ ವಿಚಾರ ತಿಳಿಯಬೇಕೆನ್ನುವ ಶಿಕ್ಷಕರು ನಾಟ್ಯಶಾಸ್ತ್ರದಲ್ಲಿ ಕಾಕು ಎಂಬ ಭಾಗವನ್ನು ಹುಡುಕಿ ಓದಬೇಕು. ಕಾಕು ಎಂದರೆ ಧ್ವನಿಯ ಏರಿಳಿತದಿಂದ ಅರ್ಥ ಬದಲಾಗುವುದು. ಭರತ ಇದನ್ನು ಎರಡು ಬಗೆ ಮಾಡುತ್ತಾನೆ. ಮಾತು ಮುಗಿದರೂ ಇನ್ನೇನೋ ಬಾಕಿ ಇದೆ ಎನಿಸುವ ಧಾಟಿ ಸಾಕಾಂಕ್ಷ, ಹೇಳಬೇಕಾದ್ದು ಹೇಳಿ ಮುಗಿಯಿತು ಎನಿಸುವ ಧಾಟಿ ನಿರಾಕಾಂಕ್ಷ. ದೂರದವರಿಗೆ ಆಡುವ ಮಾತು ತಲೆಯಿಂದ ಬರಬೇಕು, ಅಷ್ಟು ದೂರವಿಲ್ಲದವರಿಗೆ ಕಂಠದಿಂದ, ಪಕ್ಕದಲ್ಲಿರುವವರಿಗೆ ಎದೆಯಿಂದ. ಏರಿಸುವುದು, ಇಳಿಸುವುದು, ವೇಗ, ನಿಧಾನ, ಎಲ್ಲಿ ಮಾತು ಕಡಿಯಬೇಕು, ಎಲ್ಲಿ ಉಸಿರು ಬಿಡದೆ ಜೋಡಿಸಬೇಕು, ಎಲ್ಲಕ್ಕೂ ಹೆಸರುಗಳಿವೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಇಷ್ಟು ಸೂಕ್ಷ್ಮವಾಗಿ ಕಿವಿಗೊಟ್ಟಿದ್ದರು. ಖುರಾನ್ ಪಠಣ ಕಲಿತ ನಮ್ಮ ಮಕ್ಕಳಿಗೆ ಇದು ಅಪರಿಚಿತವೇನಲ್ಲ. ತಜ್ವೀದಿನಲ್ಲಿ ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂಬುದಕ್ಕೆ ವಕ್ಫ್ ಚಿ ಹ್ನೆಗಳಿವೆ. ತಪ್ಪು ಜಾಗದಲ್ಲಿ ನಿಂತರೆ ಅರ್ಥ ಕೆಡುತ್ತದೆ ಎಂದು ಅವರು ಆರನೇ ವಯಸ್ಸಿನಲ್ಲೇ ಕಲಿತಿರುತ್ತಾರೆ.

ಬಿ.ಎಡ್. ಓದುವಾಗ ನಾಟಕ ಪಾಠದ ಯೋಜನೆಯಲ್ಲಿ ನಾವು ವಾಚನ ಎಂದು ಒಂದು ಕಾಲಂ ಬರೆದು ಐದು ನಿಮಿಷ ಎಂದು ತುಂಬಿಸುತ್ತಿದ್ದೆವು. ಈಗ ನಾನು ಆ ಐದು ನಿಮಿಷವನ್ನು ಪೂರ್ತಿ ಒಂದು ಅವಧಿ ಮಾಡಿದ್ದೇನೆ. ಪಠ್ಯದ ಸಂಭಾಷಣೆಯಿಂದ ಕಂಸದ ಪದಗಳನ್ನೆಲ್ಲ ಸುಣ್ಣದಕಡ್ಡಿಯಲ್ಲಿ ಬರೆಯದೆ ಬಿಟ್ಟು, ಬರೀ ಮಾತನ್ನು ಹಲಗೆಯ ಮೇಲೆ ಬರೆಯುತ್ತೇನೆ. ಇದನ್ನು ಯಾರು, ಯಾರಿಗೆ, ಎಷ್ಟು ದೂರದಿಂದ ಹೇಳುತ್ತಿದ್ದಾರೆ ಎಂದು ಕೇಳುತ್ತೇನೆ. ಮಕ್ಕಳು ಜಗಳಾಡುತ್ತಾರೆ. ಜಗಳ ಆಗದ ಮಾತು ಸಾಮಾನ್ಯವಾಗಿ ಸಪ್ಪೆ ಮಾತು.

ಆ ನೆರೆಯ ಹುಡುಗ ಮುಂದಿನ ವರ್ಷ ನಮ್ಮ ಓಣಿಯ ಹುಡುಗರು ಸೇರಿ ಮಾಡಿದ ಏಕಾಂಕದಲ್ಲಿ ಪಾತ್ರ ವಹಿಸಿದ. ಈ ಸಲ ಅವನದು ಊರ ಜಮೀನ್ದಾರನ ಪಾತ್ರ. ಬಾಗಿಲಿಗೆ ಬಂದ ಸಾಲಗಾರನಿಗೆ ಹ್ಞೂಂ ಎಂಬ ಒಂದೇ ಉತ್ತರ ಕೊಡಬೇಕಾದ ಜಾಗ ಅದರಲ್ಲಿತ್ತು. ತಾಲೀಮಿನಲ್ಲಿ ಅವನು ಅದನ್ನು ಒಮ್ಮೆ ಬೇಸರದಿಂದ ಹೇಳಿದ, ಒಮ್ಮೆ ಹೆದರಿಸುವಂತೆ, ಒಮ್ಮೆ ಕರುಣೆ ಬಂದಂತೆ. ಯಾವುದು ಸರಿ ಎಂದು ನನ್ನನ್ನು ಕೇಳಿದ. ಸಾಲಗಾರನ ಪಾತ್ರದ ಹುಡುಗನನ್ನು ಕೇಳು, ಯಾವುದಕ್ಕೆ ಅವನಿಗೆ ಹಣ ಸಿಗುವ ಆಸೆ ಹುಟ್ಟಿತೋ ತಿಳಿದುಕೋ ಎಂದೆ. ಪ್ರದರ್ಶನದ ರಾತ್ರಿ ಅವನು ಸಾಲಗಾರನ ಮುಖವನ್ನೇ ನೋಡುತ್ತ ನಿಂತ, ಎಷ್ಟು ಹೊತ್ತೆಂದರೆ ಮಾತು ಮರೆತನೇನೋ ಎಂದು ನಾನು ಪರದೆಯ ಬದಿಯಿಂದ ಸನ್ನೆ ಮಾಡತೊಡಗಿದ್ದೆ. ಆಮೇಲೆ ಎದೆಯಿಂದ, ಪಕ್ಕದವನಿಗೆ ಮಾತ್ರ ಹೇಳುವ ಹಾಗೆ, ಹ್ಞೂಂ ಎಂದ. ಹಿಂದಿನ ಸಾಲಿನಲ್ಲಿ ಚಾಪೆ ಹಾಸಿಕೊಂಡು ಕುಳಿತಿದ್ದ ಹೆಂಗಸರಿಗೂ ಅದು ಕೇಳಿಸಿತ್ತು.